ನಡುರಾತ್ರಿಯ ಅಳುವಿಗೆ ಸಂಜೆಯೇ ಮದ್ದು

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರು ಎಂಬ ಮಾತನ್ನು ಕನ್ನಡಿಗರು ಸಾಮಾನ್ಯವಾಗಿ ಬಳಸುವುದು ರಾಜಕಾರಣಿಗಳ ವಿಷಯದಲ್ಲಿ. ಆದರೆ ನಗರಗಳ ಅನೇಕ ಮನೆಗಳಲ್ಲಿ, ಯಾರ ದುರುದ್ದೇಶವೂ ಇಲ್ಲದೆ, ಅದು ಅಕ್ಷರಶಃ ನಡೆಯುತ್ತಿದೆ. ರಾತ್ರಿ ಒಂಬತ್ತೂವರೆಗೆ ಕಚೇರಿಯಿಂದ ಮರಳುವ ತಂದೆ ತೂಕಡಿಸುತ್ತಿರುವ ಮಗುವನ್ನು ಎತ್ತಿ ಆಡಿಸುತ್ತಾನೆ. ನಾಲ್ಕು ತುತ್ತು ಅನ್ನ ಒಳಗಿಳಿಯಲೆಂದು ಮೊಬೈಲ್ ಪರದೆ ಮಗುವಿನ ಮುಂದೆ ಬರುತ್ತದೆ. ಹತ್ತೂವರೆಗೆ ದೀಪ ಆರುತ್ತದೆ. ಹನ್ನೊಂದರವರೆಗೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹಜಾರದಲ್ಲಿ ಓಡಾಟ ನಡೆಯುತ್ತದೆ. ಒಂದು ಗಂಟೆಗೆ ಮಗು ಎದ್ದು ಅಳುತ್ತದೆ. ಮೂರಕ್ಕೆ ಮತ್ತೊಮ್ಮೆ. ಐದಕ್ಕೆ ಇನ್ನೊಮ್ಮೆ. ಇದು ಒಂದು ವಾರದ ಕಥೆಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ನಡೆದಾಗ ಮನೆಯ ನೆಮ್ಮದಿಯೇ ಕದಡುತ್ತದೆ.

ಇಂತಹ ಮನೆಗಳಲ್ಲಿ ಕೇಳಿಬರುವ ವಿವರಣೆಗಳು ಮೂರು. ಮಗು ಹಠಮಾರಿ ಎನ್ನುವುದು ಒಂದು. ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ ಎನ್ನುವುದು ಇನ್ನೊಂದು. ದೃಷ್ಟಿ ತಾಗಿದೆ ಎನ್ನುವುದು ಮೂರನೆಯದು. ನಿಜ ಹೇಳಬೇಕೆಂದರೆ ಈ ಮೂರರಲ್ಲಿ ಕೊನೆಯದೇ ಹೆಚ್ಚು ನಿರುಪದ್ರವಿ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ಅಜ್ಜಿ ಕನಿಷ್ಠ ಮನೆಯೊಳಗಿನ ಯಾರನ್ನೂ ದೂಷಿಸುವುದಿಲ್ಲ. ಮಕ್ಕಳ ನಿದ್ರೆಯನ್ನು ಅಧ್ಯಯನ ಮಾಡಿದವರು ಹೇಳುವುದು ಮಾತ್ರ ಬೇರೆ. ಬಹುಪಾಲು ಸಂದರ್ಭಗಳಲ್ಲಿ ನಡುರಾತ್ರಿಯ ಅಳುವಿನ ಮೂಲ ನಡುರಾತ್ರಿಯಲ್ಲಿರುವುದಿಲ್ಲ. ಸಂಜೆಯಿಂದ ಮಗು ಕಣ್ಣು ಮುಚ್ಚುವವರೆಗಿನ ಅವಧಿಯಲ್ಲಿರುತ್ತದೆ. ಆದ್ದರಿಂದ ಸರಿಪಡಿಸಬೇಕಾದುದೂ ಅಲ್ಲಿಯೇ.

ನಿದ್ರೆ ಒಂದೇ ಎಳೆಯಲ್ಲ

ನಿದ್ರೆಯೆಂದರೆ ಮಿದುಳು ಆರಿದ ದೀಪದಂತೆ ತಣ್ಣಗಿರುವ ಸ್ಥಿತಿ ಎಂದೇ ಬಹುಕಾಲ ನಂಬಲಾಗಿತ್ತು. ಆ ನಂಬಿಕೆ ಅಲುಗಿದ್ದು 1953ರಲ್ಲಿ. ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್ ಅವರು, ನಿದ್ರೆಯ ನಡುನಡುವೆ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗಳು ವೇಗವಾಗಿ ಚಲಿಸುವ ಹಂತವೊಂದಿದೆ ಎಂಬುದನ್ನು ಆ ವರ್ಷ ಪ್ರಕಟಿಸಿದರು. ಈ ಶೋಧ ಆರಂಭವಾದದ್ದು ಮಲಗಿದ ಹಸುಗೂಸುಗಳ ಕಣ್ಣುಗಳನ್ನು ಗಮನಿಸುವ ಕೆಲಸದಿಂದ ಎಂಬುದು ಸ್ವಾರಸ್ಯಕರ ಸಂಗತಿ. ಅಸೆರಿನ್ಸ್ಕಿ ಅವರ ಎಂಟು ವರ್ಷದ ಮಗನೂ ಈ ಪ್ರಯೋಗಗಳ ಆರಂಭದ ಪಾತ್ರಧಾರಿಗಳಲ್ಲಿ ಒಬ್ಬನಾಗಿದ್ದ.

ಗಾಢ ನಿದ್ರೆ, ಹಗುರ ನಿದ್ರೆ, ಕನಸಿನ ನಿದ್ರೆ ಒಂದರ ಹಿಂದೊಂದು ಸುತ್ತುತ್ತವೆ. ವಯಸ್ಕರಲ್ಲಿ ಇಂತಹ ಒಂದು ಸುತ್ತಿಗೆ ಸುಮಾರು 90 ನಿಮಿಷ ಬೇಕು. ಹಸುಗೂಸಿಗೆ 50ರಿಂದ 60 ನಿಮಿಷ ಸಾಕು. ಒಂದು ಸುತ್ತು ಮುಗಿದು ಇನ್ನೊಂದು ಆರಂಭವಾಗುವ ಸಂಧಿಯಲ್ಲಿ ಎಲ್ಲರೂ ಕ್ಷಣಕಾಲ ಎಚ್ಚರಗೊಳ್ಳುತ್ತಾರೆ. ಹೊದಿಕೆ ಸರಿಪಡಿಸಿಕೊಂಡು, ಮಗ್ಗುಲು ಬದಲಿಸಿ ಮತ್ತೆ ಮಲಗುವ ವಯಸ್ಕರಿಗೆ ಬೆಳಿಗ್ಗೆ ಅದರ ನೆನಪೂ ಇರುವುದಿಲ್ಲ. ರಾತ್ರಿಯಿಡೀ ಒಂದೇ ಸಮನೆ ನಿದ್ರಿಸುವ ಮಗು ಎಂಬುದು ಎಲ್ಲಿಯೂ ಇಲ್ಲ. ಎಚ್ಚರವಾದಾಗ ತಾನಾಗಿಯೇ ಮತ್ತೆ ಮಲಗುವ ಮಗು ಮತ್ತು ಯಾರನ್ನಾದರೂ ಕರೆಯಲೇಬೇಕಾದ ಮಗು, ಇವೆರಡೇ ಇರುವುದು.

ಕರೆಯುವುದೇಕೆ? ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸಿನಲ್ಲಿ ಹೋದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬಸ್ಸು ಕುಲುಕುತ್ತಿರುವವರೆಗೆ ಪ್ರಯಾಣಿಕರು ಗೊರಕೆ ಹೊಡೆಯುತ್ತಾರೆ. ಚಿತ್ರದುರ್ಗದ ಆಚೀಚೆ ಎಲ್ಲೋ ಚಹಾಕ್ಕೆಂದು ನಿಂತೊಡನೆ ಅರ್ಧ ಬಸ್ಸು ಎಚ್ಚರಗೊಳ್ಳುತ್ತದೆ. ಅವರನ್ನು ಎಬ್ಬಿಸಿದ್ದು ಸದ್ದಲ್ಲ, ಚಲನೆ ನಿಂತುಹೋದದ್ದು. ಹೆಗಲ ಮೇಲೆ, ಜೋಲಿಯ ತೂಗಾಟದಲ್ಲಿ, ಇಲ್ಲವೇ ಬಾಯಲ್ಲಿ ಹಾಲಿನ ಬಾಟಲಿಯಿಟ್ಟುಕೊಂಡು ನಿದ್ರೆಗೆ ಜಾರಿದ ಮಗುವಿನ ಸ್ಥಿತಿಯೂ ಅದೇ. ಒಂದು ಗಂಟೆಗೆ ಅರೆ ಎಚ್ಚರವಾದಾಗ ಹೆಗಲಿಲ್ಲ, ತೂಗಾಟವಿಲ್ಲ, ಬಾಟಲಿಯಿಲ್ಲ. ಏನೋ ತಪ್ಪಿದೆ ಎಂದು ಅದು ಕೂಗುತ್ತದೆ. ಮತ್ತೆ ಹೆಗಲು ದೊರೆತೊಡನೆ ಮಲಗುತ್ತದೆ. ಹೀಗೆ ಪ್ರತಿ ರಾತ್ರಿ ಮೂರು-ನಾಲ್ಕು ಬಾರಿ ಅದೇ ಪಾಠದ ಪುನರಾವರ್ತನೆಯಾಗುತ್ತದೆ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ರೆ ಹೆಚ್ಚು, ಎರಡನೆಯ ಭಾಗದಲ್ಲಿ ಹಗುರ ನಿದ್ರೆ ಹೆಚ್ಚು. ನಡುರಾತ್ರಿಯ ನಂತರವೇ ಈ ಕೂಗು ಹೆಚ್ಚುವುದಕ್ಕೆ ಅದು ಕಾರಣ.

ಇದು ಹಠವಲ್ಲ, ಕಲಿತದ್ದು. ಕಲಿತದ್ದನ್ನು ಬದಲಿಸಬಹುದು ಎಂಬಲ್ಲಿಯೇ ಪೋಷಕರಿಗೆ ಭರವಸೆಯಿದೆ.

ಮೊದಲು ದೇಹವನ್ನು ನೋಡಬೇಕು

ಆದರೆ ಎಲ್ಲ ಅಳುವೂ ಅಭ್ಯಾಸದ ಅಳುವಲ್ಲ. ಯಾವುದೇ ಕ್ರಮಕ್ಕೆ ತೊಡಗುವ ಮುನ್ನ ಮಕ್ಕಳ ವೈದ್ಯರು ನೋಡಲೇಬೇಕಾದ ಕೆಲವು ಕಾರಣಗಳಿವೆ. ಮಗು ಬಹುತೇಕ ಪ್ರತಿ ರಾತ್ರಿ ಗೊರಕೆ ಹೊಡೆಯುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಕತ್ತನ್ನು ವಿಚಿತ್ರವಾಗಿ ಹಿಂದಕ್ಕೆ ಚಾಚಿ ಮಲಗುತ್ತಿದ್ದರೆ ಅಡಿನಾಯ್ಡ್ ಅಥವಾ ಟಾನ್ಸಿಲ್ ಗ್ರಂಥಿಗಳು ಊದಿಕೊಂಡು ಉಸಿರಿನ ದಾರಿಯನ್ನು ಕಿರಿದಾಗಿಸಿರಬಹುದು. ಮಗು ಗೊರಕೆ ಹೊಡೆದರೆ ಗಾಢ ನಿದ್ರೆಯಲ್ಲಿದೆ ಎಂದು ಸಂತೋಷಪಡುವವರು ಇಂದಿಗೂ ಇದ್ದಾರೆ. ಅದು ಸಂತೋಷದ ವಿಷಯವಲ್ಲ.

ಇನ್ನೊಂದು ಕಾರಣ ಕಣ್ಣಿಗೆ ಕಾಣುವುದೇ ಇಲ್ಲ. ಅದು ಕಬ್ಬಿಣಾಂಶದ ಕೊರತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದ ಪ್ರಮಾಣವೂ ಶೇ. 65ರ ಆಸುಪಾಸಿನಲ್ಲಿದೆ. ಮಕ್ಕಳ ರಕ್ತಹೀನತೆಗೆ ಕಬ್ಬಿಣದ ಕೊರತೆ ಪ್ರಮುಖ ಕಾರಣಗಳಲ್ಲೊಂದು. ಈ ಕೊರತೆಯಿರುವ ಕೆಲವು ಮಕ್ಕಳಿಗೆ ಮಲಗಿದೊಡನೆ ಕಾಲುಗಳಲ್ಲಿ ಹೇಳಲಾಗದ ಚಡಪಡಿಕೆ ಶುರುವಾಗುತ್ತದೆ. ಕಾಲು ಝಾಡಿಸುತ್ತಾರೆ, ಹಾಸಿಗೆಯಲ್ಲಿ ಹೊರಳಾಡುತ್ತಾರೆ, ಕಾಲು ಒತ್ತು ಎನ್ನುತ್ತಾರೆ. ಇಂತಹ ಮಗುವಿಗೆ ಬೇಕಾದುದು ಗದರಿಕೆಯಲ್ಲ, ರಕ್ತಪರೀಕ್ಷೆ. ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನು ವೈದ್ಯರು ಸೂಚಿಸುವುದು ಇದಕ್ಕಾಗಿಯೇ.

ಚರ್ಮದ ತುರಿಕೆ, ರಾತ್ರಿ ಹೆಚ್ಚುವ ಕೆಮ್ಮು, ಕಿವಿನೋವು, ಗುದದ್ವಾರದಲ್ಲಿ ರಾತ್ರಿಯ ವೇಳೆ ತುರಿಕೆ ತರುವ ದಾರಹುಳು, ಇವೂ ನಿದ್ರೆಯನ್ನು ಕೆಡಿಸುತ್ತವೆ. ಬೆಳವಣಿಗೆಯಲ್ಲಿ ಹಿಂದುಳಿದಿರುವ, ಆಟಿಸಂ ಅಥವಾ ಮೂರ್ಛೆರೋಗ ಇರುವ ಮಕ್ಕಳ ನಿದ್ರೆಯ ಸಮಸ್ಯೆ ಪ್ರತ್ಯೇಕ ವಿಷಯ. ಅದಕ್ಕೆ ತಜ್ಞರ ಸಲಹೆಯೇ ಬೇಕು.

ತಂದೆತಾಯಿಯರನ್ನು ಅತಿಯಾಗಿ ಹೆದರಿಸುವ, ಆದರೆ ಸಾಮಾನ್ಯವಾಗಿ ಅಪಾಯವಿಲ್ಲದ ಸ್ಥಿತಿಯೊಂದಿದೆ. ಮಲಗಿದ ಎರಡು-ಮೂರು ಗಂಟೆಯೊಳಗೆ ಮಗು ಚೀರಿ ಎದ್ದು ಕೂರುತ್ತದೆ. ಕಣ್ಣು ತೆರೆದಿದ್ದರೂ ತಾಯಿಯನ್ನು ಗುರುತಿಸುವುದಿಲ್ಲ. ಬೆವರುತ್ತದೆ, ಹಿಡಿಯಲು ಹೋದರೆ ತಳ್ಳುತ್ತದೆ. ಕೆಲವು ನಿಮಿಷಗಳ ನಂತರ ತಾನಾಗಿ ಮಲಗುತ್ತದೆ. ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಇದು ದುಃಸ್ವಪ್ನವಲ್ಲ. ದುಃಸ್ವಪ್ನ ಬೀಳುವುದು ಹೆಚ್ಚಾಗಿ ಬೆಳಗಿನ ಜಾವಕ್ಕೆ, ಮಗುವಿಗೆ ಅದು ನೆನಪಿರುತ್ತದೆ, ತಾಯಿಯ ಮಡಿಲಲ್ಲಿ ಅದಕ್ಕೆ ಸಾಂತ್ವನ ಸಿಗುತ್ತದೆ. ಮೊದಲನೆಯದು ಗಾಢ ನಿದ್ರೆಯಿಂದ ಅರ್ಧಕ್ಕೆ ಹೊರಬರುವಾಗಿನ ಗೊಂದಲ. ಅದನ್ನು ರಾತ್ರಿಭೀತಿ ಎನ್ನುತ್ತಾರೆ. ಆಗ ಮಗುವನ್ನು ಅಲುಗಾಡಿಸಿ ಎಬ್ಬಿಸುವುದಾಗಲಿ, ಮುಖಕ್ಕೆ ನೀರು ಚಿಮುಕಿಸುವುದಾಗಲಿ ಬೇಡ. ಬೀಳದಂತೆ, ಪೆಟ್ಟಾಗದಂತೆ ನೋಡಿಕೊಂಡು ಪಕ್ಕದಲ್ಲಿದ್ದರೆ ಸಾಕು. ನಿದ್ರೆಗೆಟ್ಟ ಮಕ್ಕಳಲ್ಲಿ ಇದು ಹೆಚ್ಚುವುದರಿಂದ ಬೇಗ ಮಲಗಿಸುವುದೇ ಅನೇಕ ಬಾರಿ ಇದಕ್ಕೆ ಪರಿಹಾರ.

ಗಡಿಯಾರದ ಜಗಳ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ದಿನದ 24 ಗಂಟೆಗಳಲ್ಲಿ, ಹಗಲಿನ ನಿದ್ರೆಯೂ ಸೇರಿ, 4ರಿಂದ 11 ತಿಂಗಳ ಮಗುವಿಗೆ 12ರಿಂದ 16 ಗಂಟೆ, ಒಂದೆರಡು ವರ್ಷದ ಮಗುವಿಗೆ 11ರಿಂದ 14 ಗಂಟೆ, ಮೂರು-ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ರೆ ಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿ, ಎಲ್‌ಕೆಜಿ ಬಸ್ಸಿಗಾಗಿ ಬೆಳಿಗ್ಗೆ ಆರೂವರೆಗೆ ಏಳುವ ಮಗು ಈ ಲೆಕ್ಕಕ್ಕೆ ಎಲ್ಲಿಂದ ತಲುಪಬೇಕು?

ಭಾರತವೂ ಸೇರಿ 17 ದೇಶ ಹಾಗೂ ಪ್ರದೇಶಗಳ, ಮೂರು ವರ್ಷದೊಳಗಿನ 29 ಸಾವಿರಕ್ಕೂ ಹೆಚ್ಚು ಮಕ್ಕಳ ಕುರಿತ ಸಮೀಕ್ಷೆಯೊಂದು 2010ರಲ್ಲಿ ಪ್ರಕಟವಾಯಿತು. ನ್ಯೂಜಿಲೆಂಡಿನ ಮಕ್ಕಳು ಸರಾಸರಿ ಸಂಜೆ ಏಳೂವರೆಯ ಹೊತ್ತಿಗೆ ಮಲಗುತ್ತಿದ್ದರೆ, ಹಾಂಗ್‌ಕಾಂಗಿನ ಮಕ್ಕಳು ಮಲಗುವಾಗ ಹತ್ತು ಗಂಟೆ ದಾಟುತ್ತಿತ್ತು. ಏಷ್ಯಾದ ದೇಶಗಳ ಮಕ್ಕಳು ಒಟ್ಟಾರೆ ತಡವಾಗಿ ಮಲಗುತ್ತಾರೆ, ಕಡಿಮೆ ನಿದ್ರಿಸುತ್ತಾರೆ ಎಂಬುದು ಅದರ ಸಾರ. ಬೆಂಗಳೂರಿನ ಸಂಚಾರ ದಟ್ಟಣೆಯನ್ನೂ, ಅಮೆರಿಕದ ಗಡಿಯಾರಕ್ಕೆ ಹೊಂದಿಕೊಂಡ ಕಚೇರಿಗಳನ್ನೂ ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ದಿನವಿಡೀ ಮಗುವಿನ ಮುಖ ಕಾಣದ ತಂದೆಗೆ ‘ಎಂಟಕ್ಕೇ ಮಲಗಿಸಿ’ ಎಂದು ಹೇಳುವುದು ಸುಲಭವಲ್ಲ. ಅಂತಹ ಮನೆಗಳಲ್ಲಿ ತಂದೆ-ಮಗುವಿನ ಆಟವನ್ನು ಬೆಳಿಗ್ಗೆಗೆ ವರ್ಗಾಯಿಸುವುದೇ ಪ್ರಾಯೋಗಿಕ ದಾರಿ. ಆರೂವರೆಗೆ ಎದ್ದ ಮಗುವಿನೊಂದಿಗೆ ಅರ್ಧ ಗಂಟೆ ಕಳೆದರೆ ರಾತ್ರಿ ಹತ್ತರ ಆಟಕ್ಕಿಂತ ಇಬ್ಬರಿಗೂ ಲಾಭ.

ಮಗು ದಣಿದಷ್ಟೂ ಚೆನ್ನಾಗಿ ಮಲಗುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ನಿದ್ರೆಯ ಹೊತ್ತು ಮೀರಿದ ಮಗು ಮಂಕಾಗುವುದಿಲ್ಲ. ಬದಲಿಗೆ ಕುಣಿಯುತ್ತದೆ, ರಚ್ಚೆ ಹಿಡಿಯುತ್ತದೆ. ಅದನ್ನು ಕಂಡು ‘ಇದಕ್ಕೆ ಇನ್ನೂ ನಿದ್ರೆಯೇ ಬಂದಿಲ್ಲ’ ಎಂದು ಮನೆಯವರು ಭಾವಿಸುತ್ತಾರೆ. ಅದರ ಜೊತೆಗೆ ಪರದೆಯ ಬೆಳಕು. ಕತ್ತಲಾದೊಡನೆ ಮಿದುಳಿನಲ್ಲಿ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನು ದೇಹಕ್ಕೆ ರಾತ್ರಿಯ ಸಂದೇಶ ನೀಡುತ್ತದೆ. ಪ್ರಖರ ಬೆಳಕು ಅದನ್ನು ತಡೆಯುತ್ತದೆ. ಚಿಕ್ಕ ಮಕ್ಕಳಲ್ಲಿ ಈ ಪರಿಣಾಮ ವಿಶೇಷವಾಗಿ ತೀವ್ರ. ಇನ್ನು ಡೇ ಕೇರ್‌ನಲ್ಲಿ ಸಂಜೆ ಐದೂವರೆವರೆಗೆ ಮಲಗಿದ ಮಗು ರಾತ್ರಿ ಒಂಬತ್ತಕ್ಕೆ ಮಲಗಲಾರದು. ಹಗಲಿನ ನಿದ್ರೆ ಮೂರೂವರೆಯೊಳಗೆ ಮುಗಿಯುವಂತೆ ಅಲ್ಲಿಯ ಆಯಾಗಳಿಗೆ ಹೇಳಿಡುವುದು ಪೋಷಕರ ಕೈಯಲ್ಲಿರುವ ಸರಳ ಕೆಲಸ.

ಎರಡು ವಾರಗಳ ಕೆಲಸ

ಬದಲಾವಣೆ ಹೇಗೆ? ಹದಿನೆಂಟು ತಿಂಗಳ, ಆರೋಗ್ಯವಾಗಿರುವ, ಸರಿಯಾಗಿ ತೂಕ ಏರುತ್ತಿರುವ ಮಗುವೊಂದನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅದು ನಿಜಕ್ಕೂ ನಿದ್ರೆಗೆ ಜಾರುವುದು ಹತ್ತೂವರೆಗೆ. ಮೊದಲ ದಿನವೇ ಎಂಟೂವರೆಗೆ ಮಲಗಿಸಲು ಹೊರಟರೆ ಎರಡು ಗಂಟೆಗಳ ಯುದ್ಧ ಖಚಿತ. ಮೊದಲು ಹಿಡಿಯಬೇಕಾದುದು ಬೆಳಗಿನ ತುದಿಯನ್ನು. ರಾತ್ರಿ ಹೇಗೇ ಕಳೆದಿರಲಿ, ಭಾನುವಾರವೇ ಇರಲಿ, ಏಳೂವರೆಯ ಸುಮಾರಿಗೆ ಮಗುವನ್ನು ಎಬ್ಬಿಸಿ ಬಿಸಿಲಿಗೆ ಕರೆದೊಯ್ಯಬೇಕು. ರಾತ್ರಿಯ ವೇಳೆಯನ್ನು ಹತ್ತೂವರೆಯಿಂದ ಆರಂಭಿಸಿ ಎರಡು-ಮೂರು ದಿನಗಳಿಗೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತರುತ್ತ ಹೋಗಬೇಕು.

ಮಲಗುವ ಮುಂಚಿನ ಅರ್ಧ-ಮುಕ್ಕಾಲು ಗಂಟೆ ಪ್ರತಿದಿನ ಒಂದೇ ಕ್ರಮದಲ್ಲಿ ಸಾಗಬೇಕು. ಬಿಸಿನೀರಿನ ಸ್ನಾನ, ಬೇಕಿದ್ದರೆ ಎಣ್ಣೆ ಸವರಿ ಮೃದುವಾದ ನೀವಿಕೆ, ಹಾಲು, ಹಲ್ಲು ಒರೆಸುವುದು, ಮಂದ ದೀಪ, ಒಂದು ಕಥೆ, ಒಂದು ಜೋಗುಳ. ಇದು ಹೊಸ ಶೋಧವೇನಲ್ಲ. ದೀಪ ಹಚ್ಚಿದ ಮೇಲೆ ಮಗುವಿಗೆ ಉಣಿಸಿ, ಲಾಲಿ ಹಾಡಿ ಮಲಗಿಸುತ್ತಿದ್ದ ಮನೆಗಳು ಮಾಡುತ್ತಿದ್ದುದೂ ಇದನ್ನೇ. ಅಮೆರಿಕದಲ್ಲಿ 405 ತಾಯಂದಿರು ಮತ್ತು ಅವರ ಮಕ್ಕಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂತಹ ನಿಯಮಿತ ಕ್ರಮವೊಂದರಿಂದಲೇ ಎರಡು ವಾರಗಳಲ್ಲಿ ಮಕ್ಕಳು ಬೇಗ ನಿದ್ರೆಗೆ ಜಾರಿದರು, ರಾತ್ರಿ ಏಳುವುದು ಕಡಿಮೆಯಾಯಿತು, ತಾಯಂದಿರ ಮನಃಸ್ಥಿತಿಯೂ ಸುಧಾರಿಸಿತು.

ಕಷ್ಟವಿರುವುದು ಮುಂದಿನ ಹೆಜ್ಜೆಯಲ್ಲಿ. ಮಗುವನ್ನು ಪೂರ್ತಿ ನಿದ್ರಿಸಿದ ಮೇಲೆ ಕೆಳಗಿಳಿಸುವ ಬದಲು, ತೂಕಡಿಸುತ್ತಿರುವಾಗಲೇ ಹಾಸಿಗೆಯ ಮೇಲೆ ಮಲಗಿಸಬೇಕು. ನಿದ್ರೆಯ ಕೊನೆಯ ಮೆಟ್ಟಿಲನ್ನು ಅದೇ ಇಳಿಯಬೇಕು. ಇದಕ್ಕೆ ಹಲವು ದಾರಿಗಳಿವೆ. ಬಾಸ್ಟನ್ನಿನ ವೈದ್ಯ ರಿಚರ್ಡ್ ಫರ್ಬರ್ 1985ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಹೆಸರಾದ ವಿಧಾನದಲ್ಲಿ ಪೋಷಕರು ಕೋಣೆಯಿಂದ ಹೊರಬಂದು, ಮಗು ಅತ್ತರೆ ಮೊದಲು ಕೆಲವೇ ನಿಮಿಷ, ನಂತರ ಇನ್ನಷ್ಟು ನಿಮಿಷ ಕಾದು ಒಳಹೋಗಿ ಸಮಾಧಾನಪಡಿಸುತ್ತಾರೆ. ಇದು ಮಗುವಿನ ಮನಸ್ಸಿಗೆ ಗಾಸಿ ಮಾಡುತ್ತದೆಯೇ ಎಂಬ ಚರ್ಚೆ ದಶಕಗಳಿಂದ ನಡೆದಿದೆ. ಆಸ್ಟ್ರೇಲಿಯಾದ 326 ಮಕ್ಕಳ ಕುಟುಂಬಗಳನ್ನು ಅನುಸರಿಸಿ 2012ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಶೈಶವದಲ್ಲಿ ಇಂತಹ ಕ್ರಮಗಳ ತರಬೇತಿ ಪಡೆದ ಕುಟುಂಬಗಳ ಮಕ್ಕಳಿಗೂ ಇತರರಿಗೂ ಆರನೆಯ ವಯಸ್ಸಿನಲ್ಲಿ ವರ್ತನೆಯಲ್ಲಾಗಲಿ, ತಾಯಿಯೊಂದಿಗಿನ ಬಾಂಧವ್ಯದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಹಾನಿಯಿಲ್ಲ, ಅಷ್ಟೇ ಮುಖ್ಯವಾದ ಇನ್ನೊಂದು ಮಾತೆಂದರೆ, ಶಾಶ್ವತ ಲಾಭವೂ ಕಾಣಲಿಲ್ಲ. ಆದ್ದರಿಂದ ಇದನ್ನು ಅನುಸರಿಸಲೇಬೇಕು ಎಂಬ ಒತ್ತಾಯ ಯಾರಿಗೂ ಬೇಕಿಲ್ಲ.

ಎರಡು ಕೋಣೆಯ ಮನೆಯಲ್ಲಿ ಅಜ್ಜ-ಅಜ್ಜಿಯರೊಂದಿಗೆ ಬಾಳುವ, ತೆಳು ಗೋಡೆಯ ಆಚೆ ನೆರೆಯವರಿರುವ ಕುಟುಂಬಕ್ಕೆ ಕೋಣೆಯಿಂದ ಹೊರಬರುವ ವಿಧಾನ ಹೊಂದುವುದೂ ಕಷ್ಟ. ಅವರಿಗೆ ನಿಧಾನದ ದಾರಿಯೇ ಲೇಸು. ಮೊದಲ ಮೂರು ರಾತ್ರಿ ಎತ್ತಿಕೊಳ್ಳದೆ ಪಕ್ಕದಲ್ಲಿ ಮಲಗಿ ತಟ್ಟುವುದು, ನಂತರ ತಟ್ಟುವುದನ್ನು ಬಿಟ್ಟು ಕೈ ಇಟ್ಟಿರುವುದು, ನಂತರ ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದು. ತಂದೆತಾಯಿಯ ಮಗ್ಗುಲಲ್ಲಿ ಮಗು ಮಲಗುವುದು ಈ ನಾಡಿನ ರೂಢಿ. ಅದೇ ಸಮಸ್ಯೆಯ ಮೂಲವೆಂದು ನಾಚಬೇಕಾಗಿಲ್ಲ. ಒಂದು ವರ್ಷದೊಳಗಿನ ಕೂಸಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಬೆನ್ನ ಮೇಲೆಯೇ ಮಲಗಿಸಬೇಕು, ಮೆತ್ತನೆಯ ದಿಂಬು-ರಜಾಯಿಗಳು ಸುತ್ತ ಇರಬಾರದು, ಅದಕ್ಕೆ ಪ್ರತ್ಯೇಕ ಗಟ್ಟಿ ಹಾಸಿಗೆ ದೊಡ್ಡವರ ಹಾಸಿಗೆಯ ಪಕ್ಕದಲ್ಲಿರುವುದು ಸುರಕ್ಷಿತ. ಧೂಮಪಾನ ಮಾಡುವವರು, ಕುಡಿದವರು ಮಗುವಿನ ಮಗ್ಗುಲಲ್ಲಿ ಮಲಗಲೇಬಾರದು. ಆರು ತಿಂಗಳೊಳಗಿನ ಕೂಸಿಗಂತೂ ರಾತ್ರಿ ಹಾಲು ಬೇಕೇ ಬೇಕು. ಈ ಯಾವ ತರಬೇತಿಯೂ ಅದಕ್ಕಲ್ಲ.

ಎರಡನೆಯ, ಮೂರನೆಯ ರಾತ್ರಿ ಅಳು ಮೊದಲಿಗಿಂತ ಹೆಚ್ಚಬಹುದು. ಹೆಚ್ಚಿನ ಮನೆಗಳು ಸೋಲುವುದು ಅಲ್ಲಿಯೇ. ನಾಲ್ಕು ಬಾರಿ ತಟ್ಟಿ, ಐದನೆಯ ಬಾರಿಗೆ ಎತ್ತಿಕೊಂಡು ತೂಗಿದರೆ ಮಗು ಕಲಿಯುವುದು ಇಷ್ಟನ್ನೇ: ಐದನೆಯ ಬಾರಿಯವರೆಗೆ ಅಳಬೇಕು. ತಾಯಿ ಒಂದು ಕ್ರಮ, ಅಜ್ಜಿ ಇನ್ನೊಂದು ಕ್ರಮ ಹಿಡಿದರೂ ಫಲ ಅದೇ. ಮನೆಯವರೆಲ್ಲ ಹಗಲಿನಲ್ಲಿ ಕುಳಿತು ಮಾತನಾಡಿ ಒಂದು ಮಾತಿಗೆ ಬಂದ ನಂತರವೇ ಮೊದಲ ರಾತ್ರಿ ಆರಂಭವಾಗಬೇಕು. ಜ್ವರ, ಪ್ರಯಾಣ, ಊರ ಹಬ್ಬ ಇರುವ ವಾರದಲ್ಲಿ ಆರಂಭಿಸದಿರುವುದೇ ಒಳ್ಳೆಯದು.

ಬಾಟಲಿಯೊಳಗಿನ ನಿದ್ರೆ

ಬಳಲಿದ ಪೋಷಕರು ಔಷಧಿಯ ಕಡೆಗೆ ಕೈಚಾಚುವುದು ಹೊಸದಲ್ಲ. 1851ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಗ್ರೈಪ್ ವಾಟರ್‌ನ ಮೂಲ ಪಾಕದಲ್ಲಿ ಮದ್ಯಸಾರವಿತ್ತು. ಕೂಸುಗಳು ಸುಮ್ಮನಾಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಬೊಂಬಾಯಿಯ ಬಟ್ಟೆ ಗಿರಣಿಗಳ ಕಾಲದಲ್ಲಿ ದುಡಿಯಲು ಹೋಗುವ ತಾಯಂದಿರು ಕೂಸುಗಳಿಗೆ ಅಫೀಮು ಬೆರೆತ ಬಾಲಗೋಲಿ ಕೊಡುತ್ತಿದ್ದರು. ಅದು ಕ್ರೌರ್ಯವಲ್ಲ, ನಿರುಪಾಯ. ಇಂದು ಆ ಸ್ಥಾನಕ್ಕೆ ಬಂದಿರುವುದು ಮಂಪರು ತರುವ ನೆಗಡಿಯ ಸಿರಪ್. 2023ರ ಡಿಸೆಂಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರು, ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ನೆಗಡಿಯ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಸೀಸೆಯ ಮೇಲೆ ಮುದ್ರಿಸಲು ಆದೇಶಿಸಿದರು. 2025ರ ಅಕ್ಟೋಬರ್‌ನಲ್ಲಿ, ಮಧ್ಯಪ್ರದೇಶದಲ್ಲಿ ಕಲುಷಿತ ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಸಾವಿನ ಬೆನ್ನಲ್ಲೇ, ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಔಷಧಿ ಬರೆಯಬಾರದೆಂಬ ಸಲಹೆಯನ್ನು ಕೇಂದ್ರ ಹೊರಡಿಸಿತು. ನಿದ್ರೆ ಬರಿಸಲೆಂದು ಅದೇ ಸೀಸೆಯನ್ನು ತೆರೆಯುವುದು ಇನ್ನೂ ಅವಿವೇಕ.

ಮಿಠಾಯಿಯ ರೂಪದ ಮೆಲಟೋನಿನ್ ಕೂಡ ಅಂತರಜಾಲದ ಅಂಗಡಿಗಳಲ್ಲಿ ದೊರೆಯುತ್ತದೆ. ಅಮೆರಿಕದಲ್ಲಿ ಇಂತಹ 25 ಉತ್ಪನ್ನಗಳನ್ನು ಪರೀಕ್ಷಿಸಿದಾಗ 22ರಲ್ಲಿ ಇದ್ದ ಪ್ರಮಾಣವೇ ಬೇರೆ, ಚೀಟಿಯಲ್ಲಿ ಬರೆದದ್ದೇ ಬೇರೆ ಎಂದು 2023ರಲ್ಲಿ ವರದಿಯಾಯಿತು. ಕೆಲವು ವಿಶೇಷ ಸ್ಥಿತಿಗಳಲ್ಲಿ ತಜ್ಞರು ಇದನ್ನು ಬಳಸುತ್ತಾರೆ. ಆ ತೀರ್ಮಾನ ಅವರದಾಗಿರಬೇಕು.

ತಾಯಿಯ ನಿದ್ರೆಯ ಲೆಕ್ಕ

ಇಡೀ ವಿಷಯದಲ್ಲಿ ಎಲ್ಲರೂ ಮರೆಯುವುದು ತಾಯಿಯ ನಿದ್ರೆಯನ್ನು. ಸಂಬಳ ಸಹಿತ ಹೆರಿಗೆ ರಜೆಯನ್ನು 2017ರಲ್ಲಿ 26 ವಾರಗಳಿಗೆ ಏರಿಸಲಾಯಿತು. ರಜೆ ಮುಗಿಸಿ ತಾಯಿ ಕೆಲಸಕ್ಕೆ ಮರಳಿ ಕೆಲವೇ ವಾರಗಳಲ್ಲಿ, ಅಮ್ಮ ಕಣ್ಮರೆಯಾದರೆ ಹೆದರುವ ವಯಸ್ಸಿಗೆ ಮಗು ಕಾಲಿಡುತ್ತದೆ. ಹಗಲು ಸಿಗದ ತಾಯಿಯನ್ನು ಅದು ರಾತ್ರಿ ಹುಡುಕುತ್ತದೆ. ಮರುದಿನ ಒಂಬತ್ತಕ್ಕೆ ಕಚೇರಿಯಲ್ಲಿರಬೇಕಾದವಳೂ ಅವಳೇ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ, ಶಿಶುಗಳ ನಿದ್ರೆ ಸುಧಾರಿಸಿದಾಗ ತಾಯಂದಿರ ಖಿನ್ನತೆಯ ಲಕ್ಷಣಗಳೂ ತಗ್ಗಿದ್ದನ್ನು ದಾಖಲಿಸಿತು. ಹೀಗಿರುವಾಗ ‘ನಾವೆಲ್ಲ ಮಕ್ಕಳನ್ನು ಸಾಕಲಿಲ್ಲವೇ’ ಎಂಬ ಮಾತಿಗಿಂತ, ರಾತ್ರಿ ಎರಡರ ನಂತರದ ಪಾಳಿಯನ್ನು ತಂದೆ ವಹಿಸಿಕೊಳ್ಳುವುದು ಹೆಚ್ಚು ಉಪಯುಕ್ತ. ಹಾಲುಣಿಸುವ ನೆನಪು ತರದ ತಂದೆ ಸಮಾಧಾನಪಡಿಸಿದರೆ ಕೆಲವು ಮಕ್ಕಳು ಬೇಗ ಮಲಗುವುದೂ ಉಂಟು.

ನಿದ್ರೆಗೆಟ್ಟ ಮನುಷ್ಯನ ಕೋಪ ಅವನ ಹಿಡಿತದಲ್ಲಿರುವುದಿಲ್ಲ. ಅಳುವ ಕೂಸನ್ನು ಜೋರಾಗಿ ಅಲುಗಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು, ಜೀವಕ್ಕೇ ಅಪಾಯವಾಗಬಹುದು. ಸಹನೆ ಮೀರುತ್ತಿದೆ ಎನಿಸಿದ ಕ್ಷಣ ಮಗುವನ್ನು ಸುರಕ್ಷಿತವಾಗಿ ತೊಟ್ಟಿಲಲ್ಲಿ ಮಲಗಿಸಿ, ಬಾಗಿಲಾಚೆ ಹೋಗಿ ಐದು ನಿಮಿಷ ನಿಲ್ಲುವುದು ತಪ್ಪಲ್ಲ. ಮಗು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ತನಗೋ ಮಗುವಿಗೋ ಹಾನಿ ಮಾಡಿಬಿಡುವ ಯೋಚನೆ ಬಂದರೆ ಅದು ಬಾಣಂತನದ ಖಿನ್ನತೆಯಿರಬಹುದು. ಕಾಯದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ಪ್ರತ್ಯೇಕ ವಿಭಾಗವೂ ಇದೆ.

ವೈದ್ಯರ ಬಳಿ ಹೋಗುವಾಗ ಎರಡು ವಾರಗಳ ಲೆಕ್ಕ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಮಗು ಎಷ್ಟಕ್ಕೆ ಮಲಗಿತು, ಹೇಗೆ ಮಲಗಿತು, ಎಷ್ಟು ಬಾರಿ ಎದ್ದಿತು, ಏನು ಮಾಡಿದಾಗ ಮತ್ತೆ ಮಲಗಿತು, ಹಗಲು ಎಷ್ಟು ಹೊತ್ತು ನಿದ್ರಿಸಿತು ಎಂಬುದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗೀಚಿದರೂ ಸಾಕು. ಗೊರಕೆಯೋ ಚೀರಾಟವೋ ಇದ್ದರೆ ಮೊಬೈಲಿನಲ್ಲಿ ಒಂದೆರಡು ನಿಮಿಷ ಚಿತ್ರೀಕರಿಸಿಕೊಂಡು ತೋರಿಸಬಹುದು. ವೈದ್ಯರ ಕೋಣೆಯಲ್ಲಿ ಹಗಲು ಹನ್ನೊಂದಕ್ಕೆ ನಗುತ್ತ ಕುಳಿತಿರುವ ಮಗುವನ್ನು ನೋಡಿ ಅದರ ರಾತ್ರಿಯನ್ನು ಊಹಿಸುವುದು ಯಾರಿಗೂ ಸಾಧ್ಯವಿಲ್ಲ.